ಎರಡು ಚುಕ್ಕಿ

ಗೇರ್‌ಬಾಕ್ಸೇ ಹೋಗಿದೆ ಎಂದು ತಿನಾರ್ ಹಟ ಹಿಡಿದಿದ್ದ.
ಅರವತ್ತಕ್ಕೆ ಗುಂಯ್ ಅನ್ನುತ್ತೆ ತಂಗಿ,
ಎಂಬತ್ತಕ್ಕೆ ಸುಮ್ಮನಾಗುತ್ತೆ.
ದೋಲೋನ್ ಘಾಟಿ ಹತ್ತುವಾಗ ಎಂಬತ್ತು ಯಾರಪ್ಪನ ಮನೆಯದು?
ಬಿಚ್ಚಿಬಿಡು.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.
ಬಿಚ್ಚುವುದೇನು ಸುಲಭ, ಮೊದಲು ಕೇಳಬೇಕು.
ನರೀನ್ ಬಿಟ್ಟ ವ್ಯಾನಿನ ನೆಲದ ಮೇಲೆ
ಹದಿನಾರು ಜೋಡಿ ಬೂಟುಗಳ ನಡುವೆ
ತಗಡಿಗೆ ಕಿವಿಯೊತ್ತಿ ಮಲಗಿದೆ.
ಒದ್ದೆ ಉಣ್ಣೆಯ ವಾಸನೆ, ಡೀಸೆಲ್,
ಯಾರದೋ ಚೀಲದೊಳಗೆ ಕರಿದ ಬೋರ್ಸೋಕ್.
ಮುಂದೆ ಸರಿದರೆ ಸದ್ದು ಹಿಂದೆ,
ಹಿಂದೆ ಸರಿದರೆ ಮುಂದೆ.

ಮೂರನೆಯ ಸಾಲಿನಿಂದ ಅಸಿಲ್‌ಕಾನ್ ಅಜ್ಜಿ ಬಗ್ಗಿ ನೋಡಿದಳು.
ಏನು ಕಳಕೊಂಡೆ ಮಗಳೇ? ಅದು ನನ್ನ ಸೀಟಿನ ಕೆಳಗಿದೆ,
ಎರಡು ತಿಂಗಳಾಯಿತು.
ಕೆನೆಯ ಡಬ್ಬಿ ಮಡಿಲಲ್ಲಿಟ್ಟುಕೊಂಡರೆ
ಕೊಚ್ಕೋರ್ ಮುಟ್ಟುವಷ್ಟರಲ್ಲಿ ಬೆಣ್ಣೆ ಕಟ್ಟಿರುತ್ತೆ.

ಮತ್ತೆ ಯಾಕೆ ಹೇಳಲಿಲ್ಲ?

ಯಾರು ಕೇಳಿದರು?

*

ಗುಂಡಿಗಿಳಿದು ಟಾರ್ಚು ಹಿಡಿದೆ.
ಶಾಫ್ಟು ಒಂದಲ್ಲ, ಎರಡು ತುಂಡು.
ಅವೆರಡರ ನಡುವನ್ನು ತೂಗಿ ಹಿಡಿಯಬೇಕಾದ ರಬ್ಬರಿನ ಬಳೆ
ಮೂರು ದಿನದ ರೊಟ್ಟಿಯಂತೆ ಬಿರಿದು
ಒಂದು ಕಡೆ ಹರಿದೇ ಹೋಗಿತ್ತು.
ಎರಡು ಬೆರಳಲ್ಲಿ ಎತ್ತಿದೆ, ಎದ್ದಿತು.
ಬಿಟ್ಟೆ, ಕೂತಿತು.
ಅಷ್ಟು ಭಾರದ ಉಕ್ಕು, ಅಷ್ಟು ಸಲೀಸಾಗಿ.

ಬಿಚ್ಚುವ ಮುನ್ನ ಗುರುತು ಹಾಕು, ಅನ್ನುತ್ತಿದ್ದ ಅಪ್ಪ,
ಕೂಡಿಸುವಾಗ ನಿನ್ನ ಬುದ್ಧಿಯನ್ನು ನಂಬಬೇಡ.
ಸಾಮೂಹಿಕ ಕೃಷಿಯ ಲಾರಿಗಳ ಕೆಳಗೆ ಮೂವತ್ತು ವರ್ಷ ಮಲಗಿದವನು,
ಆಕಾಶಕ್ಕಿಂತ ಹೆಚ್ಚು ಆಕ್ಸಲ್ಲು ನೋಡಿದವನು.
ಹಲ್ಲು ಅದರದೇ ಹಲ್ಲಿಗೆ ಕೂರದಿದ್ದರೆ ಶಾಫ್ಟು ಕುಂಟುತ್ತದೆ,
ಕುಂಟಿದರೆ ಹೊಸ ಬೇರಿಂಗನ್ನೂ ತಿನ್ನುತ್ತದೆ.
ಎರಡೂ ತುಂಡಿನ ಮೇಲೆ ಬಿಳಿ ಬಣ್ಣದಲ್ಲಿ ಒಂದೇ ಗೆರೆ ಎಳೆದೆ.

ಬೋಲ್ಟುಗಳಲ್ಲಿ ಒಂದು ಬರಲಿಲ್ಲ.
ಬೆಂಕಿ ತೋರಿಸಿದೆ, ಬೈದೆ, ಚಹಾ ಕುಡಿದು ಬಂದು ಮತ್ತೆ ಬೈದೆ.
ಬೇರಿಂಗಿನ ಒಳಬಳೆ ಶಾಫ್ಟಿಗೆ ಕಚ್ಚಿ ಕೂತಿತ್ತು.
ಗ್ರೈಂಡರಿನಲ್ಲಿ ಸೀಳುತ್ತ ಹೋಗಿ
ಶಾಫ್ಟು ಮುಟ್ಟಲು ಕೂದಲೆಳೆ ಉಳಿದಾಗ ನಿಲ್ಲಿಸಿ
ಉಳಿಯಿಟ್ಟು ಒಂದೇ ಏಟು.
ಟಣ್.
ಶಾಫ್ಟಿಗೆ ಗೀರಿಲ್ಲ. ಹೆಬ್ಬೆರಳ ಸಿಪ್ಪೆ ಹೋಗಿತ್ತು, ಇರಲಿ.

ಬಿಷ್ಕೆಕ್‌ನಿಂದ ಹೊಸ ಬೇರಿಂಗು ಬಂತು,
ಇನ್ನೊಬ್ಬ ಡ್ರೈವರನ ಕೋಟಿನ ಜೇಬಿನಲ್ಲಿ, ಪತ್ರಿಕೆ ಸುತ್ತಿಕೊಂಡು,
ಸೂರ್ಯಕಾಂತಿ ಬೀಜದ ಸಿಪ್ಪೆಯೊಡನೆ.

*

ಕೂಡಿಸಲು ಕೂತರೆ ಗೆರೆ ಇಲ್ಲ.

ಹುಡುಗ ಉರ್ಮಾತ್, ಕೆಲಸಕ್ಕೆ ಸೇರಿ ಹನ್ನೊಂದು ದಿನ,
ನಾನು ಬೆನ್ನು ತಿರುಗಿಸಿದಾಗ ಡೀಸೆಲ್ಲಿನಲ್ಲಿ ಚಿಂದಿ ಅದ್ದಿ
ಎರಡೂ ತುಂಡನ್ನು ಮದುವೆಮನೆಯ ಸಮಾವರದ ಹಾಗೆ ತಿಕ್ಕಿಟ್ಟಿದ್ದ.
ಶಭಾಶ್ ಅನ್ನುತ್ತೇನೆಂದು ನಿಂತಿದ್ದ.
ನನ್ನ ಮುಖ ನೋಡಿದವನೇ ಕಿವಿಯವರೆಗೂ ಕೆಂಪಾದ.

ಬಾಯಿಗೆ ಬಂದದ್ದನ್ನು ನುಂಗಿ, ಶಾಫ್ಟನ್ನು ಬೆಳಕಿಗೆ ಹಿಡಿದೆ.
ಬರಿಯ ಹೊಳಪು.
ತಿರುಗಿಸಿದೆ. ತಿರುಗಿಸಿದೆ.

ಅಲ್ಲಿ, ಎಷ್ಟೋ ವರ್ಷದ ಮಡ್ಡಿ ಕೂತಿದ್ದ ಜಾಗದಲ್ಲಿ,
ಪಂಚಿನಿಂದ ಹೊಡೆದ ಒಂದು ಚುಕ್ಕಿ,
ಜೀರಿಗೆಯಷ್ಟು.
ಇನ್ನೊಂದು ತುಂಡು ಎತ್ತಿಕೊಂಡೆ.
ಅದರಲ್ಲೂ.

ವ್ಯಾನಿನ ಪಕ್ಕೆಯಲ್ಲಿ ಕಿತ್ತರೂ ಹೋಗದ ಜರ್ಮನ್ ಅಕ್ಷರಗಳಿವೆ,
ಒಂದು ಗೋಧಿತೆನೆ. ಯಾವುದೋ ಬೇಕರಿಯ ಗಾಡಿ.
ಅಲ್ಲಿ ಯಾರೋ ಇದರ ಕೆಳಗೆ ಮಲಗಿ, ಹೀಗೇ ಬಿಚ್ಚಿ,
ಬಣ್ಣವನ್ನು ನಂಬದೆ
ಸುತ್ತಿಗೆ ಎತ್ತಿಕೊಂಡಿದ್ದರು.
ಅವರ ಕೈಕೆಳಗೂ ಒಬ್ಬ ಉರ್ಮಾತ್ ಇದ್ದನೋ ಏನೋ.

ಚುಕ್ಕಿಗೆ ಚುಕ್ಕಿ ಇಟ್ಟೆ. ಹಲ್ಲು ಹಲ್ಲಿಗೆ ಕೂತಿತು.
ಪಂಚನ್ನು ಹುಡುಗನ ಕೈಗೆ ಕೊಟ್ಟು
ಇನ್ನಷ್ಟು ಆಳ ಮಾಡು ಅಂದೆ.
ಮೊದಲ ಏಟು ಜಾರಿತು. ಎರಡನೆಯದು ಸರಿ.

*

ಸಪಾಟು ರಸ್ತೆಯಲ್ಲಿ ಅರವತ್ತು.
ತಿನಾರ್ ಉಸಿರು ಹಿಡಿದು ಕಾದ.
ಅರವತ್ತರಲ್ಲೇ ಎರಡು ಹಳ್ಳಿ ದಾಟಿಸಿದ,
ಬರುತ್ತೆ ತಡಿ, ಈಗ ಬರುತ್ತೆ, ಅನ್ನುತ್ತ.
ಬರಲಿಲ್ಲ.
ಕಿಟಕಿಯ ಗಾಳಿ, ಹಿಂದಿನ ಸೀಟಿನ ಗೊರಕೆ.

ಇಳಿಯುವಾಗ ಅಸಿಲ್‌ಕಾನ್ ಅಜ್ಜಿ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದಳು.
ನೋಡು, ಕೆನೆ ಕೆನೆಯಾಗೇ ಉಳಿದಿದೆ.
ಇನ್ನು ಇದನ್ನ ಕಡೆಯೋರ್ಯಾರು, ನೀನಾ?