ಎರಡು ಚೀಟಿ

ಮಾರ್ಚಿನಲ್ಲಿ ಊರಿಗೆ ಊರೇ ಹತ್ತಿತ್ತು ಈ ಏರಿಯನ್ನು,
ತಿಸಾ ನದಿ ಉಕ್ಕಿದರೆ ತಡೆಯಲೆಂದು ಕಟ್ಟಿದ್ದು.
ಮೇಯರ್, ಪಾದ್ರಿ, ಹೆಗಲ ಮೇಲೆ ನಿದ್ದೆಗಣ್ಣಿನ ಮಕ್ಕಳು,
ಬಿಸಿ ವೈನು ಮಾರುವ ಗಾಡಿ.
ದುರ್ಬೀನು ಬೇಕಿರಲಿಲ್ಲ. ಬೆರಳು ತೋರಿದರೆ ಸಾಕಿತ್ತು:
ಅಗೋ, ಬಾಲ.

ಈಗ ಮೇ ಮುಗಿಯುತ್ತಿದೆ.
ಏರಿಯ ಮೇಲೆ ಓಡೋನ್, ನಾನು, ಕಪ್ಪೆಗಳು.

ಅವನು ಗಡಿಯಾರ ರಿಪೇರಿಯವನು, ಅಂಗಡಿ ಮುಚ್ಚಿ ಒಂಬತ್ತು ವರ್ಷ.
ಒಂದು ಚಳಿಗಾಲವೆಲ್ಲ ಪೀಪಾಯಿಯ ಸುತ್ತ ಸುತ್ತು ಬಂದು
ಕನ್ನಡಿಯನ್ನು ತಾನೇ ಉಜ್ಜಿದ್ದಾನೆ;
ಕೊಳವೆ ಮಾತ್ರ ಕಾಂಕ್ರೀಟ್ ಕಂಬ ಎರೆಯುವ ರಟ್ಟಿನದು.
ನನ್ನ ಬೈನಾಕ್ಯುಲರ್ ಗಡಿ ಕಾಯುತ್ತಿದ್ದ ಚಿಕ್ಕಪ್ಪನದು,
ಎಡ ಮಸೂರದಲ್ಲೊಂದು ಗೀರು.
ಎರಡೂವರೆಗೆ ನಾನು ಬೇಕರಿಯಲ್ಲಿರಬೇಕು.

ಕುಗ್ಗುವುದಕ್ಕೆ ಇಲ್ಲಿ ಏರುವ ಲೆಕ್ಕ.
ಮೂರಿದ್ದದ್ದು ಐದಾಯಿತು, ಏಳಾಯಿತು,
ಹೋದ ಶನಿವಾರ ಹತ್ತೂಮುಕ್ಕಾಲು.
ಬೆಳಕು ಬಡವಾದಷ್ಟೂ ಅಂಕಿಗೆ ಮೈ ಬರುತ್ತದೆ.
ಇದನ್ನು ಯಾರು ಕಂಡುಹಿಡಿದರೋ, ಎಂದಿದ್ದೆ ಮೊದಲ ದಿನ.
ಸಾಲ ಕೊಟ್ಟವನು, ಎಂದಿದ್ದ ಓಡೋನ್.

ಧೂಮಕೇತುವನ್ನು ನೋಡಿ ಮನಸ್ಸಿನಲ್ಲಿಟ್ಟುಕೋ.
ಆಮೇಲೆ ಪಕ್ಕದ ನಕ್ಷತ್ರವನ್ನು, ಸೂಜಿಮೊನೆಯಂಥದ್ದನ್ನು,
ತಿರುಪು ತಿರುಗಿಸಿ ಕೆಡಿಸು,
ಅದೂ ಇದರಷ್ಟೇ ಮಬ್ಬಾಗಿ ಹರಡುವ ತನಕ.
ಆಗ ಹೋಲಿಸು.
ಜೀವಮಾನವೆಲ್ಲ ನಿಮಿಷದ ಮುಳ್ಳು ಸರಿಮಾಡಿದವನು
ಸ್ಪಷ್ಟವಾಗಿದ್ದುದನ್ನು ಬೇಕೆಂದೇ ಕಲಕುವಾಗ
ತುಟಿ ಕಚ್ಚಿಕೊಳ್ಳುತ್ತಾನೆ.

ನೇರ ನೋಡಿದರೆ ಇಲ್ಲ.
ಒಂದಿಷ್ಟು ಪಕ್ಕಕ್ಕೆ, ಆ ಎರಡು ಚುಕ್ಕಿಗಳ ನಡುವೆ
ಏನೂ ಇಲ್ಲದ ಕಡೆ ನೋಡು, ಕಣ್ಣಂಚಿಗೆ ಬರುತ್ತದೆ:
ಕಪ್ಪು ಕೋಟಿಗೆ ಹಿಟ್ಟಿನ ಕೈ ತಾಗಿ
ಕೊಡವಿದ ಮೇಲೂ ಉಳಿದಂತೆ.
ಅದೂ ಬಾರದಿದ್ದರೆ ಕೊಳವೆಗೆ ಬೆರಳಲ್ಲಿ ತಟ್ಟು.
ಕೂತಲ್ಲಿ ಕಾಣದ್ದು ಕದಲಿದಲ್ಲಿ ಕಂಡೀತು.

ಅವನ ಬಲಗಣ್ಣಿನ ಪೊರೆ ತೆಗೆದು ಹೊಸ ಮಸೂರ ಇಟ್ಟಿದ್ದಾರೆ.
ಎಡಗಣ್ಣು ಇನ್ನೂ ಎಲ್ಲವನ್ನೂ ಚಹಾದಲ್ಲಿ ಅದ್ದಿ ಕೊಡುತ್ತದೆ.
ಏಪ್ರಿಲಿನಲ್ಲಿ ಬಲಗಣ್ಣು ಹಸಿರು ಎಂದಿತು, ಎಡಗಣ್ಣು ಅಲ್ಲ ಎಂದಿತು.
ಎರಡನ್ನೂ ಬರೆದುಕೊಂಡ.

ನಿಯಮ ಒಂದೇ: ಬರೆಯುವ ಮೊದಲು ಬಾಯಿ ಬಿಡಕೂಡದು.
ಕೆಂಪು ದೀಪ, ಎರಡು ಚೀಟಿ, ಒಂದು ಮೋಟು ಪೆನ್ಸಿಲು.

ಇವತ್ತು ಗೊಂತ್ಸೊಲನ ಬಂಡಿ, ಆ ಏಳು ನಕ್ಷತ್ರ,
ನೆತ್ತಿಯಿಂದ ಪಡುವಣಕ್ಕೆ ವಾಲಿತ್ತು.
ಬೈನಾಕ್ಯುಲರಿನಿಂದ ಅದು ಈ ತಿಂಗಳ ಮೊದಲ ವಾರವೇ ಜಾರಿದ್ದು;
ಅವನ ಕೊಳವೆಗೇ ಬಗ್ಗಿದೆ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಲವತ್ತು ನಿಮಿಷ.
ಇತ್ತು. ಇರಲಿಲ್ಲ. ಇತ್ತು.
ಬರೆದೆ: ಹನ್ನೊಂದೂಕಾಲು.
ಅವನ ಚೀಟಿ: ಕಾಣಲಿಲ್ಲ.

ಬೈಯಲಿಲ್ಲ. ಕೇಳಿದ:
ಎಟೆಲ್ಕಾ, ನೀನು ಕಂಡದ್ದೋ,
ಇರಬೇಕಾದ ಜಾಗ ಗೊತ್ತಿದ್ದದ್ದೋ?

ಆಚೆ ದಡದಲ್ಲಿ ನಾಯಿ ಬೊಗಳಿತು.
ಮತ್ತೆ ಬಗ್ಗಿದೆ, ತಟ್ಟಿದೆ, ಉಸಿರು ಹಿಡಿದೆ.
ಎಲ್ಲ ಚುಕ್ಕಿಗಳೂ ಒಟ್ಟಿಗೆ ನಡುಗಿ ಒಟ್ಟಿಗೆ ನಿಂತವು.
ನಡುವೆ ನನ್ನದೇ ಕಣ್ಣಿನ ಮರಳು.
ಗೊತ್ತಿದ್ದದ್ದು, ಎಂದೆ.

ಅಂಕಿ ಅಳಿಸಲು ಬಿಡಲಿಲ್ಲ ಅವನು,
ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ ಹಾಕಿಸಿದ.
ತನ್ನ ಪುಸ್ತಕದಲ್ಲಿ ಗಂಟೆ ಬರೆದ, ಇಬ್ಬನಿ ಬರೆದ,
ಕಂಡ ಅತಿ ಮಸುಕು ನಕ್ಷತ್ರದ ಅಂಕಿ, ಅದರ ಮುಂದೆ
‘ಇದಕ್ಕಿಂತ ಮಂಕು’.
ಕಾಣದವರೂ ಬರೆಯಬೇಕಂತೆ,
ಇಲ್ಲವಾದರೆ ಯಾವತ್ತು ಹೋಯಿತೆಂದು ಯಾರಿಗೆ ತಿಳಿಯುತ್ತೆ.

ಸೈಕಲ್ಲು ತುಳಿದು ತಡವಾಗಿಯೇ ಬೇಕರಿ ತಲುಪಿದೆ.
ಮೊದಲ ಒಲೆಗೆ ಎಂಬತ್ತು ಬ್ರೆಡ್ಡು, ಬೊರ್ಬಾಲಾ ಒಬ್ಬಳೇ ನಾದುತ್ತಿದ್ದಳು.
ಇದೆಯೇನೇ ಇನ್ನೂ ನಿಮ್ಮ ಬಾಲ? ಎಂದು ನಕ್ಕಳು.
ಇದೆ, ಎಂದೆ, ಎಲ್ಲೋ.
ಕೋಟು ಕಳಚಿ ಮೊಳೆಗೆ ಸಿಕ್ಕಿಸುವಾಗ
ತೋಳಿನ ಮೇಲೆ ನಿನ್ನೆಯ ಹಿಟ್ಟು ಕಂಡಿತು,
ನೇರ ನೋಡಿದರೂ.