ಸ್ಟೆಲ್ಲಾ

ಕೊಲ್ಲಂನಲ್ಲಿ ದೋಣಿ ಅಗ್ಗ ಅಂದ ಇದಿನಬ್ಬ.
ಹೋದೆವು. ಹಿನ್ನೀರಿನ ಬದಿ ತೆಂಗಿನ ಬುಡಕ್ಕೆ ಕಟ್ಟಿಹಾಕಿದ್ದರು
ಮೂವತ್ತೆರಡು ಅಡಿಯವಳನ್ನು. ಮೂತಿಯ ಮೇಲೆ ಹೆಸರು: ಸ್ಟೆಲ್ಲಾ.
ಬಣ್ಣ ಹೋಗಿತ್ತು. ಹಲಗೆ ಗಟ್ಟಿ. ಇಂಜಿನ್ ಕೆಮ್ಮಿ ಎದ್ದಿತು.
ಬಗ್ಗಿ ಅಡಿಯನ್ನು ಸವರಿದೆ ನಾನು,
ಕೈಗೆ ತಾಗಿತು ಒರಟು, ದಟ್ಟ,
ಉಗುರಿಗಿಂತ ಸಣ್ಣ ಕರಿಚಿಪ್ಪು, ಒಂದರ ಮೈಗೆ ಇನ್ನೊಂದು ಅಂಟಿ.
ಕೆರೆಸಬೇಕಲ್ಲ, ಅಂದೆ.
"ಊರಿಗೆ ಹೋಗಿ ಕೆರೆಯುವ, ಇಲ್ಲಿ ಕೂಲಿಗೇ ಒಂದೂವರೆ ಸಾವಿರ."
ಒಂದೂವರೆ ಸಾವಿರ ಉಳಿಸಿದೆವು.

ಮೂರು ಹಗಲು, ದಡ ಕಣ್ಣಿಗೆ ಬೀಳುವಷ್ಟೇ ದೂರದಲ್ಲಿ ಬಂದೆವು.
ಬೇಪೂರಿನಲ್ಲಿ ಡೀಸೆಲ್, ಒಂದು ಊಟ.
ಅಡಿಯಲ್ಲಿ ಅವು ಬಾಯಿ ಬಿಗಿದು ಕೂತಿದ್ದವು
ಟಿಕೆಟಿಲ್ಲದವರು ರೈಲಿನಲ್ಲಿ ಕೂರುವ ಹಾಗೆ.
ಅಳಿವೆ ಬಾಗಿಲು ದಾಟಿ
ಕಸಬಾ ಬೆಂಗ್ರೆಯ ಬದಿಗೆ ಹಗ್ಗ ಬಿಗಿದೆವು.
ಕೆರೆಯಲಿಲ್ಲ. ಬಂಗುಡೆ ಬೀಳುವ ಕಾಲ.
ಆಮೇಲೆ, ಅಂದರೆ ಆಮೇಲೆ.

ಫಲ್ಗುಣಿ ಅತ್ತ ಸಿಹಿ, ಇತ್ತ ಉಪ್ಪು,
ನಡುವಿನ ನೀರು ಗಂಟೆಗೊಂದು ಮಾತಾಡುತ್ತದೆ.
ಅವಕ್ಕೆ ಎಲ್ಲ ಮಾತೂ ಬರುತ್ತಿತ್ತು.
ಯಾವುದೋ ಅಮಾವಾಸ್ಯೆಯ ಉಬ್ಬರಕ್ಕೆ ಬಾಯಿ ತೆರೆದಿರಬೇಕು,
ಕಣ್ಣಿಗೆ ಕಾಣದ ಮಕ್ಕಳನ್ನು ನೀರಿಗೆ ಬಿಟ್ಟಿರಬೇಕು.
ಸಾವಿರಕ್ಕೊಂದು ಉಳಿದರೂ ಲಾಭದ ಲೆಕ್ಕ.
ಮೊದಲ ವರ್ಷ ಲಂಗರಿನ ಹಗ್ಗದ ಮೇಲೆ ನಾಲ್ಕು,
ಕಿತ್ತರೆ ಬಾರದ ನೂಲು ಬಿಟ್ಟುಕೊಂಡು.
ಮಳೆಗಾಲದ ಕೆಂಪು ನೀರಿಗೆ ಸತ್ತವು ಅಂದುಕೊಂಡೆ.
ಸತ್ತವು ಸತ್ತವು. ಉಳಿದವು
ಸತ್ತವರ ಚಿಪ್ಪಿನ ಮೇಲೇ ಮನೆ ಕಟ್ಟಿದವು.

ಜಲಜಕ್ಕನ ಹೆಬ್ಬೆರಳಿಗೆ ಕಣ್ಣಿದೆ.
ಇಳಿತದಲ್ಲಿ ಸೊಂಟದವರೆಗೆ ನಿಂತು
ಪಾದದಲ್ಲೇ ಮರುವಾಯಿ ಹುಡುಕಿ ಬುಟ್ಟಿ ತುಂಬಿಸುವವಳು
ಮೂರನೇ ವರ್ಷ ಕಾಲು ಕೊಯ್ದುಕೊಂಡು ದಡಕ್ಕೆ ಬಂದಳು.
"ಮಣ್ಣೇ ಸಿಗುವುದಿಲ್ಲ ಮಾರಾಯ,
ಯಾರೋ ಕೆಳಗೆ ಕಂಬಳಿ ಹಾಸಿದ್ದಾರೆ."
ನಾನು ಅರಿಶಿನ ತಂದುಕೊಟ್ಟೆ.

ಮೀನುಗಾರಿಕಾ ಕಾಲೇಜಿನ ಹುಡುಗಿಯೊಬ್ಬಳು
ಪೈಪು ಜೋಡಿಸಿದ ಚೌಕ ಹಿಡಿದು ಬಂದಳು.
ಕೆಸರಿನ ಮೇಲಿಟ್ಟು ಎಣಿಸಿದಳು, ಒಂದು ಬೆಳಿಗ್ಗೆ ಪೂರ್ತಿ:
ನಾಲ್ಕು ಸಾವಿರದ ಇನ್ನೂರ ಹನ್ನೊಂದು.
ಅಮೆರಿಕದ ಆಚೆ ಕರೆಯದ್ದು ಇದು ಅಂದಳು,
ದೊಡ್ಡ ಹಡಗಿನ ಹೊಟ್ಟೆಯ ನೀರಲ್ಲಿ ಬಂದಿರಬಹುದು.
ಹೌದು ಹೌದು, ಅಂದೆ ನಾನು,
ಪಣಂಬೂರಿನ ಕಡೆಗೆ ಕೈಯನ್ನೂ ತೋರಿಸಿದೆ.
ಇದಿನಬ್ಬ ಆಕಾಶದಲ್ಲಿ ಮೋಡ ಹುಡುಕುತ್ತಿದ್ದ.
ಪುಸ್ತಕದಲ್ಲಿ ಜಾಗದ ಹೆಸರು ಬರೆದಳು: ಅಳಿವೆ.
ನನ್ನ ಓದು ಆರನೆಯದಕ್ಕೇ ನಿಂತದ್ದು,
ಕೊನೆಯ ಅಕ್ಷರಕ್ಕೆ ಕೊಂಬು ಕಂಡಂತಾಯಿತು.

ಆ ಜೂನಿನಲ್ಲಿ, ದೋಣಿಗಳೆಲ್ಲ ರಜೆಯಲ್ಲಿರುವಾಗ,
ರಾತ್ರಿ ಟಾರ್ಚು ಹಿಡಿದು ಕೆರೆದೆವು ಅವಳ ಅಡಿಯನ್ನು.
ಕತ್ತಿಯ ಬೆನ್ನಿನಿಂದ, ತಗಡಿನಿಂದ, ಕೊನೆಗೆ ಉಗುರಿನಿಂದ.
ಎಂಟು ಗೋಣಿ ತುಂಬಿತು.
ಎಲ್ಲಿ ಸುರಿಯುವುದು? ನೆಲದಲ್ಲಿ ನಾತ ಬರುತ್ತದೆ,
ನಾತ ಬಂದರೆ ಜನ ಬರುತ್ತಾರೆ.
ನೀರಿಗೇ ಸುರಿದೆವು,
ಸ್ವಲ್ಪ ಮೇಲಕ್ಕೆ, ಕೂಳೂರು ಸೇತುವೆಯ ಹತ್ತಿರ.
ಈಗ ಅಲ್ಲಿಯೂ ಇವೆ.

ಊರಿನವರು ಎಷ್ಟು ದಿನ ಬೈಯ್ಯುತ್ತಾರೆ?
ತೆಂಗಿನಕಾಯಿ ಅರೆದು, ಪುಂಡಿ ಹಾಕಿ ಬೇಯಿಸಿ ನೋಡಿದಳು ಜಲಜಕ್ಕ.
ಮರುವಾಯಿಯ ಸಿಹಿ ಇಲ್ಲ, ಆದರೆ ತಿನ್ನಬಹುದು, ಅಂದಳು.
ಮಕ್ಕಳು ಕೇಳಿ ಹಾಕಿಸಿಕೊಂಡವು.
ಕಾಲೇಜಿನ ಹುಡುಗಿ ಹೇಳಿದ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ.
ಇನ್ನೊಂದು ಹೆಸರು ಯಾವಾಗ ಹುಟ್ಟಿತೋ ನನಗೆ ಗೊತ್ತಾಗಲಿಲ್ಲ.

ಮೊನ್ನೆ ಬಂದರಿನ ಮಾರ್ಕೆಟಿನಲ್ಲಿ
ಬುಟ್ಟಿಯ ಮುಂದೆ ಕೂತು ಕೂಗುತ್ತಿದ್ದಳು:
ಸ್ಟೆಲ್ಲಾ, ಕಿಲೋಗೆ ಎಂಬತ್ತು, ಬನ್ನಿ, ಸ್ಟೆಲ್ಲಾ!
ಚೀಲ ಹಿಡಿದು ನಿಂತೆ.
ನನ್ನ ಮುಖ ನೋಡದೆ ತೂಗಿದಳು.
ಒಂದು ಹಿಡಿ ಹೆಚ್ಚೇ ಹಾಕಿದಳು.