ಬೆರಳೆತ್ತಿ

ಕಿವಿ ಪರೀಕ್ಷೆ ನನ್ನ ಕೆಲಸ. ಕಾರವಾರದ ದೊಡ್ಡಾಸ್ಪತ್ರೆಯ
ಹಿಂಬದಿಯಲ್ಲೊಂದು ಗಾಜಿನ ಕೋಣೆ, ಗೋಡೆಗೆಲ್ಲ ಸ್ಪಂಜು.
ಒಳಗೆ ಕೂತವರಿಗೆ ದಿನಾ ಹೇಳುವುದು ಒಂದೇ ಮಾತು:
ಸದ್ದು ಕೇಳಿದ ಕೂಡಲೇ ಬೆರಳೆತ್ತಿ.
ಬೋಟಿನ ಇಂಜಿನ್ನಿಗೆ ಕಿವಿ ಸವೆಸಿಕೊಂಡವರು,
ಮೊಮ್ಮಗಳು ಎಳೆದು ತಂದ ಅಜ್ಜಿಯರು
ಗಾಜಿನಾಚೆಯಿಂದ ನನ್ನ ಮುಖವನ್ನೇ ಓದುತ್ತಾರೆ,
ಗುಂಡಿ ಒತ್ತಿದೆನೇ ಎಂದು ನೋಡಿಕೊಂಡು ಬೆರಳೆತ್ತುತ್ತಾರೆ.
ಆ ನೋಟ ನನಗೆ ಗೊತ್ತು.

ಇವತ್ತು ರಜೆ. ಕದ್ರಾದಾಚೆಯ ಕಾಡು, ಬೆಳಗಿನ ಆರು.
ತಲೆಗೆ ಮುನ್ನೂರೈವತ್ತು, ಅವಲಕ್ಕಿ-ಚಾ ಸೇರಿ.
ಗೈಡು ಮಾಬಳು ವೇಳಿಪ, ಅರವತ್ತರ ಮೇಲೆ ಇನ್ನೆಷ್ಟೋ,
ಇಲಾಖೆ ಕೊಟ್ಟ ಹಸಿರು ಅಂಗಿ, ಕಾಲಿಗೆ ಏನೂ ಇಲ್ಲ.
ಜೀಪಿನಿಂದ ಇಳಿದವನೇ ಬೆರಳೆತ್ತಿದ.
ನನ್ನ ಕೈ ತಾನಾಗಿ ಪೆನ್ನು ಹುಡುಕಿತು.
ಇಲ್ಲಿ ಅದರ ಅರ್ಥ ಬೇರೆ: ಮಾತು ಸಾಕು.

ಆರು ಜನ ನಾವು. ಕೈಗಾ ಕಾಲೋನಿಯ ಹುಡುಗನಿಗೆ ಕರಿ ಚಿರತೆ ಬೇಕು,
ಬ್ಯಾಂಕಿನ ರಾಯ್ಕರರಿಗೆ, ಹೊಸ ಕ್ಯಾಮೆರಾದ ಕಂತಿಗೆ ತಕ್ಕಷ್ಟು ಏನಾದರೂ.
ಉಂಬಳವಿಲ್ಲದ ಕಾಲ; ಕಾಲಡಿಯ ಎಲೆ ಹಪ್ಪಳ.

ಮೇಲೆ ಬದನಿಕೆ ಹಕ್ಕಿ, ಸೂಜಿಮೊನೆಯಷ್ಟು ಸ್ವರ:
ಟಿಕ್, ಟಿಕ್.
ನಾವೆಲ್ಲ ತಲೆಯೆತ್ತಿದೆವು. ಮಾಬಳು
ನಮ್ಮ ಗದ್ದಗಳನ್ನು ನೋಡಿದ, ಆಮೇಲೆ ಮರವನ್ನು,
ಆಮೇಲೆ ತೋರಿಸಿದ. "ಅಲ್ಲಿ."

ಸೂರಕ್ಕಿಗೂ ಹಾಗೇ.
ಅರ್ಧ ಉಸಿರಿನಷ್ಟು ತಡ, ಯಾರಿಗೂ ಕಾಣದ್ದು.
ನನ್ನ ಚೀಟಿಯ ಮೇಲೆ ಬಲಕ್ಕೆ ಬಲಕ್ಕೆ ಹೋದ ಗೆರೆ
ಜಾರುಬಂಡೆಯಾಗುವ ಜಾಗ ಅದು.

ಹೇಳಲಿಲ್ಲ. ಹತ್ತಿರ ಹೋಗಿ ಒಂದು ಹೆಜ್ಜೆ ಮುಂದೆ ನಡೆದೆ.
ಎಡದಲ್ಲಿ ಕೂಗಿದರೆ ವೇಲು ಎಡ ಹೆಗಲಿಗೆ,
ಬಲದಲ್ಲಿ ಕೂಗಿದರೆ ಬಲಕ್ಕೆ.
ಮೂರನೆಯ ಸಲಕ್ಕೆ ಅವನಿಗೆ ತಿಳಿಯಿತು.
ನಾಲ್ಕನೆಯ ಸಲ, ವೇಲಿನ ಕಡೆ ನೋಡದೆ,
ಹಳ್ಳ ದಾಟಿಸಿ ಬಿದಿರು ಮೆಳೆಯತ್ತ ಕರೆದೊಯ್ದ.

ಅಲ್ಲಿ ಏನೂ ಇಲ್ಲ. ಎರಡು ತರಗೆಲೆ.
ಒಂದು ತರಗೆಲೆ ನಿಧಾನಕ್ಕೆ ಕಣ್ಣು ತೆರೆಯಿತು.
ಕಪ್ಪೆಬಾಯಿ ಹಕ್ಕಿ, ಗಂಡು ಹೆಣ್ಣು, ಭುಜಕ್ಕೆ ಭುಜ,
ಹಗಲೆಲ್ಲ ತುಟಿ ಬಿಚ್ಚದ ಜಾತಿ.
ಕಿವಿ ಇದ್ದವರು ಎಷ್ಟು ಸಲ ಇದರಡಿ ಹಾದುಹೋಗಿದ್ದಾರೋ.
ಹೇಗೆ ಗೊತ್ತಾಯಿತು ಎಂದರೆ, ನೆಲದ ಮೇಲಿನ ಹಿಕ್ಕೆಯನ್ನು
ಕಾಲ ಹೆಬ್ಬೆರಳಲ್ಲಿ ತೋರಿಸಿದ.
ರಾಯ್ಕರರು ಇನ್ನೂರು ಫೋಟೋ ತೆಗೆದರು, ಎಲ್ಲವೂ ತರಗೆಲೆ.

ಕರಿ ಚಿರತೆ ಬರಲಿಲ್ಲ.
ಇಳಿಹೊತ್ತಿಗೆ ಗೋಳಿಮರದ ಹತ್ತಿರ
ಮಾಬಳು ಥಟ್ಟನೆ ನಿಂತ. ಬೆರಳೆತ್ತಿದ.
ನನಗೇನೂ ಕೇಳಿಸಲಿಲ್ಲ. ಯಾರಿಗೂ.
ಒಂದು, ಎರಡು, ಮೂರು ಎಣಿಸಿರಬೇಕು,
ದೂರದ ಸುರಂಗಕ್ಕೆ ರೈಲು ಹೊಕ್ಕಂತೆ
ಗಾಳಿ ದಪ್ಪಗೆ ಉಸಿರಾಡತೊಡಗಿತು,
ದೊಡ್ಡ ಮಂಗಟ್ಟೆ, ರೆಕ್ಕೆಯಲ್ಲೇ ಮಾತಾಡುತ್ತ
ನೆತ್ತಿಯ ಮೇಲಿಂದ ಹಾದು ಗೋಳಿಗೆ ಇಳಿಯಿತು.
ದಪ್ಪ ಸದ್ದು ಕಟ್ಟಕಡೆಗೆ ಹೋಗುವುದು.
ಎಷ್ಟು ಜನಕ್ಕೆ ಒಪ್ಪಿಸಿದ್ದೆ ಈ ಪಾಠವನ್ನು,
ಗಡಿಯಾರ ನೋಡುತ್ತ.

ನಾಕಾದ ದಫ್ತರಿನಲ್ಲಿ "ಕಂಡ ಪ್ರಾಣಿ-ಪಕ್ಷಿ" ಎಂಬಲ್ಲಿ
ಒಂದೊಂದೇ ಅಕ್ಷರ ಉತ್ತು ಬರೆದ ಮಾಬಳು.
ಬದನಿಕೆ ಬಿಟ್ಟ, ಸೂರಕ್ಕಿ ಬಿಟ್ಟ.
"ಅವು ನಿಮ್ಮ ಲೆಕ್ಕ," ಅಂದ.

ಜೀಪು ಚಾಲೂ ಆದಮೇಲೆ ನನ್ನ ಕಿಟಕಿಗೆ ಬಂದ.
"ಅಕ್ಕೋರೆ, ನಿಮ್ಮ ಆಸ್ಪತ್ರೆಗೆ ನಾ ಬರೂದಿಲ್ಲ ಹಾಂ."
ಬೇಡ, ಎಂದೆ.
ಇಂಜಿನ್ನಿನ ಗದ್ದಲದಲ್ಲಿ ಕೇಳಿಸಿತೋ ಇಲ್ಲವೋ,
ತುಟಿ ನೋಡಿ ನಕ್ಕ.